ಪೆಟ್ಟಿಗೆಯ ಮೇಲಿನ ಅಕ್ಷರಗಳು ಹೇಳುವುದೇನು?

ಕೆಎ-09 ಎಂದು ಶುರುವಾಗುವ ಸಂಖ್ಯೆಯ ಸ್ಕೂಟರು ಕಂಡರೆ ಅದು ಮೈಸೂರಿನಲ್ಲಿ ನೋಂದಣಿಯಾದದ್ದು ಎಂದು ಹೈಸ್ಕೂಲು ಹುಡುಗರೂ ಹೇಳಬಲ್ಲರು. ಮೊದಲ ಎರಡು ಅಕ್ಷರ ರಾಜ್ಯದ್ದು, ಮುಂದಿನ ಎರಡು ಅಂಕಿ ಸಾರಿಗೆ ಕಚೇರಿಯದ್ದು, ಉಳಿದದ್ದು ಆ ವಾಹನದ್ದು. ಯಾವ ಅಕ್ಷರ ಎಲ್ಲಿ ನಿಂತಿದೆ ಎಂದು ಗೊತ್ತಿದ್ದರೆ ಅರ್ಥ ಹೇಳುವುದು ಕಷ್ಟವಲ್ಲ.

ಕಂಪ್ಯೂಟರ್ ಜಾಲ ಕಟ್ಟುವ ಕೆಲಸಕ್ಕೆ ಹೋಗುವ ವಿದ್ಯಾರ್ಥಿಗಳಿಗೂ ಇಂಥದೇ ಉದ್ದನೆಯ ಸಂಖ್ಯೆಗಳು ದಿನವೂ ಎದುರಾಗುತ್ತವೆ. ಒಂದು ಉದಾಹರಣೆ: ‘ಡಬ್ಲ್ಯುಎಸ್-ಸಿ2960ಎಕ್ಸ್-48ಎಫ್‌ಪಿಎಸ್-ಎಲ್’. ಮೊದಲ ಸಲ ನೋಡಿದವರಿಗೆ ಇದು ಯಾರೋ ಕಣ್ಣು ಮುಚ್ಚಿಕೊಂಡು ಟೈಪು ಮಾಡಿದಂತೆ ಕಾಣುತ್ತದೆ. ಆದರೆ ಇದರಲ್ಲಿ ಒಂದೊಂದು ಅಕ್ಷರಕ್ಕೂ ಕೆಲಸವಿದೆ. ಒಂದು ಅಕ್ಷರ ತಪ್ಪಾದರೆ ಲಕ್ಷಗಟ್ಟಲೆ ಬೆಲೆಯ ಖರೀದಿ ಕೆಲಸಕ್ಕೆ ಬಾರದೆ ಹೋಗಬಹುದು.

ಸ್ವಿಚ್ ಎಂದರೆ...

ಇಲ್ಲಿ ಸ್ವಿಚ್ ಎಂದರೆ ಗೋಡೆಯ ಮೇಲೆ ದೀಪ ಹಚ್ಚುವ ಸ್ವಿಚ್ಚಲ್ಲ. ಒಂದು ಕಚೇರಿ ಅಥವಾ ಕಾಲೇಜಿನ ಕಂಪ್ಯೂಟರ್, ಪ್ರಿಂಟರ್, ಫೋನ್, ಕ್ಯಾಮೆರಾಗಳಿಂದ ಬರುವ ತಂತಿಗಳನ್ನೆಲ್ಲ ಸೇರಿಸಿಕೊಳ್ಳುವ ಪೆಟ್ಟಿಗೆ ಅದು. ಯಾವ ಪೋರ್ಟಿನ ಆಚೆ ಯಾವ ಯಂತ್ರವಿದೆ ಎಂಬುದನ್ನು ತಾನೇ ಕಲಿತು, ಬಂದ ಮಾಹಿತಿಯನ್ನು ಸಲ್ಲಬೇಕಾದ ಪೋರ್ಟಿಗೆ ಮಾತ್ರ ಕಳಿಸುತ್ತದೆ. ಊರಿನ ಪ್ರತಿ ಮನೆಯನ್ನೂ ಬಲ್ಲ ಅಂಚೆಯವನ ಕೆಲಸ ಇದು.

ಮೊದಲ ಈಥರ್‌ನೆಟ್ ಸ್ವಿಚ್ಚನ್ನು 1990ರಲ್ಲಿ ಅಮೆರಿಕದಲ್ಲಿ ಹೊರತಂದ ಕಂಪನಿಯ ಹೆಸರು ‘ಕಲ್ಪನಾ’. ಅದರ ಸ್ಥಾಪಕರಲ್ಲೊಬ್ಬರು ಭಾರತೀಯ ಮೂಲದ ವಿನೋದ್ ಭಾರದ್ವಾಜ್. 1994ರಲ್ಲಿ ಸಿಸ್ಕೊ ಸಂಸ್ಥೆ ಇದನ್ನು ಕೊಂಡುಕೊಂಡಿತು. ಅದಕ್ಕೂ ಒಂದು ವರ್ಷ ಮೊದಲು, 1993ರಲ್ಲಿ, ಕ್ರೆಸೆಂಡೊ ಎಂಬ ಕಂಪನಿಯನ್ನು ಕೊಂಡಾಗ ಸಿಸ್ಕೊಗೆ ‘ಕ್ಯಾಟಲಿಸ್ಟ್’ ಸ್ವಿಚ್‌ಗಳ ವಂಶ ದಕ್ಕಿತು. ಮೇಲೆ ಹೇಳಿದ ಉದ್ದನೆಯ ಸಂಖ್ಯೆ ಈ ವಂಶದ್ದೇ.

ಬಿಡಿಸಿ ಓದುವ ಬಗೆ

ಈಗ ಅದನ್ನು ತುಂಡುತುಂಡಾಗಿ ನೋಡೋಣ. ‘ಡಬ್ಲ್ಯುಎಸ್-ಸಿ’ ಎಂಬುದು ಹಿಂದಿನ ಕ್ಯಾಟಲಿಸ್ಟ್ ಸ್ವಿಚ್‌ಗಳ ಸಂಖ್ಯೆಗಳ ಮುಂದೆ ಬರುತ್ತಿದ್ದ ಮನೆತನದ ಗುರುತು. ‘2960ಎಕ್ಸ್’ ಎಂಬುದು ಸರಣಿಯ ಹೆಸರು. ಕೊನೆಯ ‘ಎಕ್ಸ್’ ಅದೇ ಸರಣಿಯ ಮುಂದಿನ ಪೀಳಿಗೆಯನ್ನು ತೋರಿಸುತ್ತದೆ. ‘48’ ಎಂದರೆ ಯಂತ್ರಗಳ ತಂತಿ ಚುಚ್ಚಲು ಇರುವ ಪೋರ್ಟುಗಳ ಸಂಖ್ಯೆ. ‘ಎಫ್‌ಪಿ’ ಎಂದರೆ ಪೂರ್ಣ ಪ್ರಮಾಣದ ಪಿಒಇ, ಅಂದರೆ ಮಾಹಿತಿಯ ತಂತಿಯಲ್ಲೇ ವಿದ್ಯುತ್ತನ್ನೂ ಕಳಿಸುವ ಸೌಲಭ್ಯ. ಅದರ ಪಕ್ಕದ ‘ಎಸ್’ ಮೇಲಿನ ಜಾಲಕ್ಕೆ ಸೇರಿಸುವ ಅಪ್‌ಲಿಂಕ್‌ಗಳ ಬಗೆ ಹೇಳುತ್ತದೆ: ಸೆಕೆಂಡಿಗೆ 1 ಗಿಗಾಬಿಟ್ ವೇಗದ ನಾಲ್ಕು ಎಸ್‌ಎಫ್‌ಪಿ ಕಿಂಡಿಗಳು. ಅಲ್ಲಿ ‘ಡಿ’ ಇದ್ದಿದ್ದರೆ 10 ಗಿಗಾಬಿಟ್ಟಿನ ಎರಡು ಕಿಂಡಿಗಳು ಸಿಗುತ್ತಿದ್ದವು. ಕಟ್ಟಕಡೆಯ ‘ಎಲ್’ ತಂತ್ರಾಂಶದ ಮಟ್ಟ. ಇಲ್ಲಿ ಅದು ‘ಲ್ಯಾನ್ ಬೇಸ್’.

ಅಂದರೆ ಸರಣಿ, ಪೋರ್ಟುಗಳ ಎಣಿಕೆ, ವಿದ್ಯುತ್ತು, ಅಪ್‌ಲಿಂಕ್, ತಂತ್ರಾಂಶ ಎಂಬ ಐದು ಸಂಗತಿಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತಿವೆ. ಈ ಸಾಲು ಮನಸ್ಸಿನಲ್ಲಿದ್ದರೆ ಅದೇ ಸರಣಿಯ ಬೇರೆ ಹೆಸರುಗಳನ್ನು ಉರು ಹೊಡೆಯಬೇಕಾಗಿಲ್ಲ.

ಒಂದು ಅಕ್ಷರ, ಹದಿನಾರು ಕ್ಯಾಮೆರಾ

ವಿದ್ಯುತ್ತಿನ ಅಕ್ಷರದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. 2003ರಲ್ಲಿ ಬಂದ ಮೊದಲ ಪಿಒಇ ಮಾನದಂಡದಲ್ಲಿ ಸ್ವಿಚ್ಚು ಒಂದು ಪೋರ್ಟಿಗೆ ಗರಿಷ್ಠ 15.4 ವ್ಯಾಟ್ ಕೊಡಬಹುದಿತ್ತು. 2009ರ ಮಾನದಂಡದಲ್ಲಿ ಅದು 30 ವ್ಯಾಟ್ ಆಯಿತು. 2018ರದ್ದರಲ್ಲಿ 90 ವ್ಯಾಟಿನವರೆಗೂ ಏರಿತು.

2960ಎಕ್ಸ್ ಸರಣಿಯಲ್ಲಿ 48 ಪೋರ್ಟಿನ ಮೂರು ಸ್ವಿಚ್‌ಗಳನ್ನು ಹೋಲಿಸಿ ನೋಡಬಹುದು. ‘48ಟಿಎಸ್’ ಎಂಬುದು ಪೋರ್ಟುಗಳಿಗೆ ವಿದ್ಯುತ್ತನ್ನೇ ಕೊಡುವುದಿಲ್ಲ. ‘48ಎಲ್‌ಪಿಎಸ್’ ಒಟ್ಟು 370 ವ್ಯಾಟ್ ಕೊಡುತ್ತದೆ. ‘48ಎಫ್‌ಪಿಎಸ್’ ಕೊಡುವುದು 740 ವ್ಯಾಟ್. ಹೊರಗಿನಿಂದ ನೋಡಿದರೆ ಮೂರೂ ಅಣ್ಣತಮ್ಮಂದಿರಂತೆ ಇರುತ್ತವೆ.

ಒಂದು ಕಾಲೇಜಿನಲ್ಲಿ 40 ಕಾವಲು ಕ್ಯಾಮೆರಾಗಳನ್ನು ಹಾಕಬೇಕಾಗಿದೆ ಎಂದಿಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಪೂರ್ತಿ 15.4 ವ್ಯಾಟ್ ಮೀಸಲಿಟ್ಟರೆ ಒಟ್ಟು ಬೇಕಾಗುವುದು 616 ವ್ಯಾಟ್. ‘ಎಫ್‌ಪಿ’ ಇದನ್ನು ಸಲೀಸಾಗಿ ತೂಗಿಸುತ್ತದೆ. ‘ಎಲ್‌ಪಿ’ಯ 370 ವ್ಯಾಟನ್ನು 15.4ರಿಂದ ಭಾಗಿಸಿದರೆ ಬರುವುದು 24. ಮಿಕ್ಕ 16 ಕ್ಯಾಮೆರಾಗಳಿಗೆ ಜೀವ ಬರುವುದಿಲ್ಲ. ‘ಟಿ’ ತಂದಿದ್ದರೆ ಒಂದಕ್ಕೂ ಬರುವುದಿಲ್ಲ. ಆಗ ಪ್ರತಿ ಕ್ಯಾಮೆರಾದ ಬಳಿಗೂ ಬೇರೆ ವಿದ್ಯುತ್ ತಂತಿ ಎಳೆಯಬೇಕು, ಇಲ್ಲವೆ ಸ್ವಿಚ್ಚನ್ನೇ ಬದಲಿಸಬೇಕು. ಪೋರ್ಟು 48 ಇದೆ, 40 ಕ್ಯಾಮೆರಾಗಳಿಗೆ ಧಾರಾಳವಾಯಿತು ಎಂದುಕೊಂಡವರು ಎಡವುವುದು ಇಲ್ಲೇ. ಇದಕ್ಕೆ ಎಂಜಿನಿಯರಿಂಗ್ ಪದವಿಯ ಗಣಿತವೇನೂ ಬೇಡ, ಏಳನೇ ತರಗತಿಯ ಗುಣಾಕಾರ ಭಾಗಾಕಾರ ಸಾಕು. ಆದರೆ ಯಾವ ಅಂಕಿಯನ್ನು ಯಾವುದರಿಂದ ಭಾಗಿಸಬೇಕು ಎಂದು ತಿಳಿಯಲು ಆ ಅಕ್ಷರದ ಅರ್ಥ ಗೊತ್ತಿರಬೇಕು.

2017ರಲ್ಲಿ ಬಂದ ಸಿಸ್ಕೊ 9300 ಸರಣಿಯಲ್ಲಿ ಹೆಸರು ಕೊಂಚ ಚಿಕ್ಕದಾಯಿತು. ‘ಸಿ9300-48ಪಿ-ಎ’ ಎಂಬಂತೆ ಬರೆಯುತ್ತಾರೆ. ಇಲ್ಲಿ ‘ಟಿ’ ಎಂದರೆ ಬರೀ ಮಾಹಿತಿ, ‘ಪಿ’ ಎಂದರೆ ಒಂದು ಪೋರ್ಟಿಗೆ 30 ವ್ಯಾಟಿನವರೆಗೆ, ‘ಯು’ ಎಂದರೆ 60, ‘ಎಚ್’ ಎಂದರೆ 90. ಇವು ಒಂದೊಂದು ಪೋರ್ಟಿನ ಮಿತಿ ಮಾತ್ರ. ಇಡೀ ಸ್ವಿಚ್ಚಿನ ಒಟ್ಟು ಮಿತಿ ಅದಕ್ಕೆ ಹಾಕಿದ ಪವರ್ ಸಪ್ಲೈಯನ್ನು ಅವಲಂಬಿಸುತ್ತದೆ. ಅದನ್ನು ಹೆಸರಿನಲ್ಲಿ ಹುಡುಕಿದರೆ ಸಿಗದು, ತಾಂತ್ರಿಕ ವಿವರಪಟ್ಟಿಯಲ್ಲೇ ನೋಡಬೇಕು.

ಅಕ್ಷರ ಅದೇ, ಅರ್ಥ ಬೇರೆ

ಇಷ್ಟು ಕಲಿತವರಿಗೂ ಒಂದು ಹಳ್ಳ ಕಾದಿರುತ್ತದೆ. ಸಿಸ್ಕೊದ ಹಳೆಯ 3850 ಸರಣಿಯಲ್ಲಿ ಕೊನೆಯ ಅಕ್ಷರ ತಂತ್ರಾಂಶದ ಮೂರು ಮಟ್ಟಗಳನ್ನು ಸೂಚಿಸುತ್ತಿತ್ತು. ‘ಎಲ್’ ಕೆಳಗಿನದು, ‘ಎಸ್’ ನಡುವಿನದು, ‘ಇ’ ಎಲ್ಲಕ್ಕಿಂತ ಮೇಲಿನದು. ಈ ‘ಇ’ಯ ಪೂರ್ಣ ಹೆಸರು ‘ಐಪಿ ಸರ್ವಿಸಸ್’. ದೊಡ್ಡ ಜಾಲಗಳ ನಡುವೆ ದಾರಿ ಹುಡುಕುವ ಬಿಜಿಪಿಯಂಥ ಸೌಲಭ್ಯ ಅದರಲ್ಲಿತ್ತು.

9300ರಲ್ಲಿ ಉಳಿದದ್ದು ಎರಡೇ ಮಟ್ಟ: ‘ಇ’ ಮತ್ತು ‘ಎ’. ಇಲ್ಲಿ ‘ಇ’ ಎಂದರೆ ‘ಎಸೆನ್ಷಿಯಲ್ಸ್’, ಅಂದರೆ ಅಗತ್ಯಕ್ಕೆ ತಕ್ಕಷ್ಟು. ಮೇಲಿನ ಮಟ್ಟ ‘ಎ’, ಅದು ‘ಅಡ್ವಾಂಟೇಜ್’. ಬಿಜಿಪಿ ಬೇಕೆಂದರೆ ‘ಎ’ಯನ್ನೇ ಕೊಳ್ಳಬೇಕು.

ಹಳೆಯ ‘3850-48ಪಿ-ಇ’ ಸ್ವಿಚ್ಚಿನ ಜಾಗಕ್ಕೆ ಹೊಸದನ್ನು ತರಿಸುವ ಗುಮಾಸ್ತರು ಅಕ್ಷರಕ್ಕೆ ಅಕ್ಷರ ಹೊಂದಿಸಿ ‘9300-48ಪಿ-ಇ’ ಎಂದು ಬರೆದರೆ ಅವರನ್ನು ಆಕ್ಷೇಪಿಸುವುದು ಕಷ್ಟ. ಆದರೆ ಹಾಗೆ ಬಂದ ಸ್ವಿಚ್ಚು ಮೇಲಿನ ಮೆಟ್ಟಿಲಿನ ಬದಲು ಕೆಳಗಿನ ಮೆಟ್ಟಿಲಿನದು. ಪೆಟ್ಟಿಗೆ ಹೊಸದು, ವೇಗ ಹೆಚ್ಚು. ಹಳೆಯದು ಮಾಡುತ್ತಿದ್ದ ಒಂದು ಕೆಲಸವನ್ನು ಮಾತ್ರ ಮಾಡುವುದಿಲ್ಲ.

‘ಎಲ್’ ಅಕ್ಷರವೂ ಹೀಗೆಯೇ ವೇಷ ಬದಲಿಸುತ್ತದೆ. 2960ಎಕ್ಸ್ ಹೆಸರಿನ ಕೊನೆಯಲ್ಲಿ ಅದು ತಂತ್ರಾಂಶದ ಮಟ್ಟ. ‘48ಎಲ್‌ಪಿಎಸ್’ ನಡುವೆ ಬಂದಾಗ ಕಡಿಮೆ ವಿದ್ಯುತ್ತಿನ ಸೂಚನೆ. ‘ಸಿ9200ಎಲ್-48ಪಿ-4ಜಿ-ಇ’ ಎಂಬಲ್ಲಿ ಸರಣಿಗೆ ಅಂಟಿಕೊಂಡಾಗ, ಅಪ್‌ಲಿಂಕ್‌ಗಳು ಪೆಟ್ಟಿಗೆಯಲ್ಲೇ ಸ್ಥಿರವಾಗಿವೆ, ಅವನ್ನು ಕಳಚಿ ಬೇರೆಯದನ್ನು ಕೂರಿಸಲಾಗದು ಎಂಬ ಅರ್ಥ. ಇದೇ ಹೆಸರಿನ ‘4ಜಿ’ಗೂ ಮೊಬೈಲಿನ 4ಜಿಗೂ ನೆಂಟಸ್ತಿಕೆಯಿಲ್ಲ. ಅದು 1 ಗಿಗಾಬಿಟ್ಟಿನ ನಾಲ್ಕು ಅಪ್‌ಲಿಂಕ್‌ಗಳನ್ನು ಹೇಳುತ್ತದೆ. ‘4ಎಕ್ಸ್’ ಎಂದಿದ್ದರೆ 10 ಗಿಗಾಬಿಟ್ಟಿನ ನಾಲ್ಕು.

ಬೇರೆ ಕಂಪನಿಗಳ ಪದ್ಧತಿ

ಜುನಿಪರ್‌ನ ‘ಇಎಕ್ಸ್4300-48ಟಿ’ ಮತ್ತು ‘ಇಎಕ್ಸ್4300-48ಪಿ’ ಎಂಬ ಹೆಸರುಗಳನ್ನು ಸಿಸ್ಕೊ ಕಲಿತವರು ಸುಲಭವಾಗಿ ಓದಬಲ್ಲರು. ಅಲ್ಲಿಯೂ ‘ಟಿ’ಗೆ ವಿದ್ಯುತ್ತಿಲ್ಲ, ‘ಪಿ’ಗೆ ಉಂಟು. ಅರೂಬಾದ ದಾರಿಯೇ ಬೇರೆ. ‘2930ಎಫ್ 24ಜಿ ಪಿಒಇ+ 4ಎಸ್‌ಎಫ್‌ಪಿ+’ ಎಂದು ಹೆಸರಿನಲ್ಲೇ ಎಲ್ಲವನ್ನೂ ಬಿಡಿಸಿ ಬರೆಯುತ್ತಾರೆ. ಈ ‘ಎಫ್’ ಸಿಸ್ಕೊದ ‘ಎಫ್‌ಪಿ’ಯಲ್ಲಿದ್ದಂತೆ ‘ಪೂರ್ಣ’ ಎಂಬ ಅರ್ಥದ್ದಲ್ಲ; ಅಪ್‌ಲಿಂಕ್ ಸ್ಥಿರ ಎಂದು ಹೇಳುತ್ತದೆ. ಅಪ್‌ಲಿಂಕ್ ಬದಲಿಸಬಹುದಾದದ್ದು ‘2930ಎಂ’.

ಆದರೆ ಬೇಡಿಕೆ ಪತ್ರದಲ್ಲಿ ಬರೆಯುವುದು ‘ಜೆಎಲ್255ಎ’ ಎಂಬ ಸಂಖ್ಯೆಯನ್ನು. ಅದರಲ್ಲಿ ಓದಿ ತಿಳಿಯುವಂಥದ್ದೇನೂ ಇಲ್ಲ. ವಿದ್ಯುತ್ತು ಕೊಡದ ಇದರ ಜೋಡಿ ‘ಜೆಎಲ್253ಎ’. ವ್ಯತ್ಯಾಸ ಒಂದೇ ಅಂಕಿಯದು. ಟೈಪು ಮಾಡುವಾಗ ಬೆರಳು ಜಾರಿದರೆ ತಪ್ಪು ಪೆಟ್ಟಿಗೆ ಮನೆ ಬಾಗಿಲಿಗೆ ಬಂದಂತೆಯೇ. ಹೀಗಾಗಿ ಬೇಡಿಕೆ ಪತ್ರದಲ್ಲಿ ಸಂಖ್ಯೆಯ ಪಕ್ಕಕ್ಕೆ ಪೂರ್ಣ ಹೆಸರನ್ನೂ, ಬೇಕಾದ ಪೋರ್ಟು, ವ್ಯಾಟ್, ಅಪ್‌ಲಿಂಕ್‌ಗಳನ್ನೂ ಬರೆಯುವುದು ಒಳ್ಳೆಯ ಅಭ್ಯಾಸ. ಒಂದು ತಪ್ಪಿದರೆ ಇನ್ನೊಂದು ಹಿಡಿದು ಕೊಡುತ್ತದೆ.

ಮನೆಯಲ್ಲೇ ಅಭ್ಯಾಸ

ಇದನ್ನು ಕಲಿಯಲು ದುಬಾರಿ ಸ್ವಿಚ್ ಬೇಕಾಗಿಲ್ಲ. ಸಿಸ್ಕೊದ ‘ಪ್ಯಾಕೆಟ್ ಟ್ರೇಸರ್’ ಎಂಬ ಉಚಿತ ತಂತ್ರಾಂಶವನ್ನು ಅನೇಕ ವಿದ್ಯಾರ್ಥಿಗಳು ಬಲ್ಲರು. ಅದರಲ್ಲಿ ‘2960-24ಟಿಟಿ’ ಮತ್ತು ‘3560-24ಪಿಎಸ್’ ಎಂಬ ಎರಡು ಸ್ವಿಚ್‌ಗಳಿವೆ. ದಿನವೂ ಅವನ್ನು ಎಳೆದು ತಂದು ತಂತಿ ಜೋಡಿಸುವವರೂ ಹೆಸರಿನತ್ತ ಕಣ್ಣು ಹಾಯಿಸುವುದು ಅಪರೂಪ. ಮೊದಲನೆಯದರಲ್ಲಿ ವಿದ್ಯುತ್ತಿಲ್ಲದ 24 ಪೋರ್ಟು, ತಾಮ್ರದ ತಂತಿಯ ಅಪ್‌ಲಿಂಕ್. ಎರಡನೆಯದರಲ್ಲಿ ವಿದ್ಯುತ್ತು ಕೊಡುವ 24 ಪೋರ್ಟು, ಎಸ್‌ಎಫ್‌ಪಿ ಅಪ್‌ಲಿಂಕ್. ಹೆಸರು ಓದಿ ಊಹಿಸಿ, ಆಮೇಲೆ ಕಂಪನಿಯ ವಿವರಪಟ್ಟಿ ತೆರೆದು ತಾಳೆ ನೋಡಬೇಕು. ಹೀಗೆ ಹತ್ತು ಹೆಸರು ಬಿಡಿಸಿದರೆ ಹನ್ನೊಂದನೆಯದು ಹೆದರಿಸುವುದಿಲ್ಲ.

ಕಾಲೇಜಿನ ಪ್ರಯೋಗಾಲಯದಲ್ಲಿ ನಿಜವಾದ ಸಿಸ್ಕೊ ಸ್ವಿಚ್ ಇದ್ದರೆ ‘ಶೋ ವರ್ಶನ್’ ಎಂಬ ಆದೇಶ ಕೊಟ್ಟು ಅದರ ಪೂರ್ಣ ಮಾದರಿ ಸಂಖ್ಯೆಯನ್ನು ನೋಡಬಹುದು. ‘ಶೋ ಪವರ್ ಇನ್‌ಲೈನ್’ ಎಂದರೆ ಪಿಒಇ ಸ್ವಿಚ್ಚು ಒಟ್ಟು ಎಷ್ಟು ವ್ಯಾಟ್ ಕೊಡಬಲ್ಲದು, ಅದರಲ್ಲಿ ಎಷ್ಟು ಖರ್ಚಾಗಿದೆ ಎಂಬ ಲೆಕ್ಕ ತೆರೆಯ ಮೇಲೆ ಬರುತ್ತದೆ.

ಮಕ್ಕಳ ಒತ್ತಾಯಕ್ಕೆ ಮಣಿದು ಅಭ್ಯಾಸಕ್ಕೆಂದು ಹಳೆಯ ಸ್ವಿಚ್ಚನ್ನು ಕೊಡಿಸುವ ತಂದೆತಾಯಿಗಳೂ ಒಂದು ಮಾತು ಗಮನಿಸಬೇಕು. ಹೆಸರು ಎಲ್ಲವನ್ನೂ ಹೇಳುವುದಿಲ್ಲ. ಆ ಮಾದರಿಯ ಮಾರಾಟ ಯಾವಾಗ ನಿಂತಿತು, ತಂತ್ರಾಂಶದ ತಿದ್ದುಪಡಿಗಳು ಯಾವ ದಿನದವರೆಗೆ ಸಿಗುತ್ತವೆ ಎಂಬುದು ಅದರಲ್ಲಿರುವುದಿಲ್ಲ. ಕಂಪನಿಗಳು ಈ ದಿನಾಂಕಗಳನ್ನು ಪ್ರತ್ಯೇಕವಾಗಿ ಪ್ರಕಟಿಸುತ್ತವೆ. ದುಡ್ಡು ಕೊಡುವ ಮೊದಲು ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಪೂರ್ತಿಯಾಗಿ, ಕೊನೆಯ ಅಕ್ಷರವನ್ನೂ ಬಿಡದೆ, ಬರೆದುಕೊಂಡು ಬರಲು ಮಗನಿಗೋ ಮಗಳಿಗೋ ಹೇಳಬೇಕು. ಆ ಸಾಲನ್ನು ಬಿಡಿಸಿ ತಂದೆಗೆ ಅರ್ಥವಾಗುವಂತೆ ವಿವರಿಸಲು ಮಗಳಿಗೆ ಸಾಧ್ಯವಾದರೆ, ನಾಳೆ ಸಂದರ್ಶನದಲ್ಲಿ ಇದೇ ಪ್ರಶ್ನೆ ಬಂದಾಗ ಅವಳು ತಡವರಿಸಬೇಕಾಗಿಲ್ಲ.