ಬಾವಿಕಟ್ಟೆ ಪೆಟ್ರೋಲ್ ಬಂಕ್ ಅಲ್ಲ

ನಿಮ್ಮ ತೋಟದಲ್ಲಿ ಎಂಜಿನ್‌ಗೆ ಇಂಧನ ತುಂಬುವ ಜಾಗ ಯಾವುದು ಅಂತ ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಎಂಜಿನ್ ಎಲ್ಲಿದೆಯೋ ಅಲ್ಲೇ. ಪಂಪ್‌ಸೆಟ್ ಹಳ್ಳದ ದಂಡೆಯಲ್ಲಿದ್ದರೆ ದಂಡೆಯಲ್ಲಿ, ಬಾವಿ ಪಕ್ಕ ಇದ್ದರೆ ಬಾವಿಕಟ್ಟೆಯ ಮೇಲೆ, ದೋಣಿಯಲ್ಲಿದ್ದರೆ ನೀರಿನ ಮೇಲೆಯೇ. ಒಂದಿಷ್ಟು ಚೆಲ್ಲುತ್ತದೆ, ಕಾಲಲ್ಲಿ ಮಣ್ಣು ಎಳೆದು ಮುಚ್ಚುತ್ತೇವೆ, ಹಗ್ಗ ಎಳೆದು ಎಂಜಿನ್ ಶುರು ಮಾಡುತ್ತೇವೆ. ಚೆಲ್ಲಿದ್ದಕ್ಕೆ ತುಂಬಿದವನ ಕೈಯನ್ನು ಬೈಯುವುದೂ ಉಂಟು. ನನ್ನ ವಾದ ಬೇರೆ. ಕೈ ಸರಿಯಾಗಿಯೇ ಇರುತ್ತದೆ. ತಪ್ಪು ಇರುವುದು ತುಂಬುವ ಜಾಗದಲ್ಲಿ ಮತ್ತು ತುಂಬುವ ಅವಸರದಲ್ಲಿ. ಇವೆರಡನ್ನು ಬದಲಿಸಿದರೆ ಚೆಲ್ಲುವುದು ಬಹುಪಾಲು ನಿಲ್ಲುತ್ತದೆ, ಚೆಲ್ಲಿದರೂ ನೀರಿಗೆ ಸೇರುವುದಿಲ್ಲ.

ಸಾವಯವ ಕೃಷಿಕರಾದ ನಾವು ಪಕ್ಕದ ಗದ್ದೆಯಲ್ಲಿ ಔಷಧಿ ಹೊಡೆದರೆ ಗಾಳಿ ಯಾವ ಕಡೆಗಿದೆ ಅಂತ ನೋಡುತ್ತೇವೆ. ಗಡಿಯಲ್ಲಿ ಜೀವಂತ ಬೇಲಿ ಬೆಳೆಸುತ್ತೇವೆ. ಆದರೆ ನಮ್ಮದೇ ಬಾವಿಯ ಪಕ್ಕದಲ್ಲಿ ಪಂಪ್ ಕೂತ ಜಾಗದ ಮಣ್ಣು ಕಪ್ಪಾಗಿ ಜಿಡ್ಡು ಹಿಡಿದಿದ್ದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ತೋಟಗಾರಿಕೆ ಪದವಿಯ ನಾಲ್ಕು ವರ್ಷದಲ್ಲಿ ನನಗೆ ಸ್ಪ್ರೇಯರ್ ನಾಜಲ್ ಬಗ್ಗೆ ಪಾಠವಾಗಿದೆ, ಎಂಜಿನ್ ಬಿಡಿಭಾಗಗಳ ಬಗ್ಗೆಯೂ ಆಗಿದೆ. ಟ್ಯಾಂಕ್ ತುಂಬುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ಅದು ಹೇಳಿಕೊಡಬೇಕಾದ ಕೆಲಸ ಅಂತಲೇ ಯಾರಿಗೂ ಅನಿಸಿರಲಿಕ್ಕಿಲ್ಲ.

ನಾಲ್ಕು ಹನಿಗೆ ಇಷ್ಟು ಮಾತಾ ಅಂತೀರಾ? ಲೆಕ್ಕ ಹಾಕಿ ನೋಡೋಣ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಇದೆ. ಅದರ 2012ರ ಆವೃತ್ತಿಯ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಖನಿಜ ತೈಲ 0.5 ಮಿಲಿಗ್ರಾಂ ಮೀರುವಂತಿಲ್ಲ. 5 ಮೀಟರ್ ಅಗಲದ ದುಂಡು ಬಾವಿಯಲ್ಲಿ 1 ಮೀಟರ್ ನೀರು ನಿಂತಿದ್ದರೆ ಅದು ಸುಮಾರು 19,600 ಲೀಟರ್. ಅಷ್ಟು ನೀರನ್ನು ಆ ಮಿತಿಗೆ ಮುಟ್ಟಿಸಲು ಸುಮಾರು 12 ಮಿಲಿಲೀಟರ್ ಡೀಸೆಲ್ ಸಾಕು. ಅಂದರೆ ಕೆಮ್ಮಿನ ಸಿರಪ್ ಬಾಟಲಿಯ ಮುಚ್ಚಳದಷ್ಟು! ವಾಸ್ತವದಲ್ಲಿ ಡೀಸೆಲ್ ನೀರಿನಲ್ಲಿ ಹಾಗೆ ಸಮನಾಗಿ ಬೆರೆಯುವುದಿಲ್ಲ, ಮೇಲೆ ಪದರವಾಗಿ ತೇಲುತ್ತದೆ. ಅದು ಸಮಾಧಾನದ ವಿಷಯ ಅಲ್ಲ. ಏಪ್ರಿಲ್-ಮೇ ಹೊತ್ತಿಗೆ ಬಾವಿಯ ನೀರು ಇಳಿದಾಗ ಫುಟ್‌ವಾಲ್ವ್ ಆ ಪದರದ ಹತ್ತಿರವೇ ಇರುತ್ತದೆ. ಈಗಿನ ಪೆಟ್ರೋಲಿನದು ಇನ್ನೊಂದು ಕಥೆ. ಅದರಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ತೇಲುವುದಿಲ್ಲ, ನೇರವಾಗಿ ನೀರಿನಲ್ಲಿ ಕರಗುತ್ತದೆ. ಅದನ್ನು ಬಟ್ಟೆ ಹಾಕಿ ತೆಗೆಯಲು ಆಗುವುದಿಲ್ಲ.

ಹಾಗಾದರೆ ಚೆಲ್ಲುವುದು ಯಾಕೆ? ನಾನು ಕಂಡಂತೆ ಕಾರಣ ಮೂರು.

ಮೊದಲನೆಯದು, ಟ್ಯಾಂಕನ್ನು ಕಂಠಪೂರ್ತಿ ತುಂಬುವುದು. ಪೆಟ್ರೋಲ್ ಬಿಸಿಯಾದರೆ ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ತುಂಬಿದ 3.5 ಲೀಟರ್ ಪೆಟ್ರೋಲ್, ಬಿಸಿಲಿಗೂ ಎಂಜಿನ್ ಶಾಖಕ್ಕೂ 20 ಡಿಗ್ರಿ ಹೆಚ್ಚು ಕಾದರೆ ಸುಮಾರು 65 ಮಿಲಿಲೀಟರ್ ಹಿಗ್ಗುತ್ತದೆ. ಟ್ಯಾಂಕಿನಲ್ಲಿ ಜಾಗ ಇಲ್ಲದಿದ್ದರೆ ಅದು ಮುಚ್ಚಳದ ಗಾಳಿ ತೂತಿನಿಂದ ಹೊರಗೆ ಬರಲೇಬೇಕು. ತುಂಬುವಾಗ ಒಂದು ಹನಿಯೂ ಚೆಲ್ಲದಿದ್ದರೂ ಮಧ್ಯಾಹ್ನ ಚೆಲ್ಲುವುದು ಹೀಗೆ. ಕತ್ತಿನಿಂದ ಎರಡು ಬೆರಳು ಕೆಳಗೇ ನಿಲ್ಲಿಸಿ.

ಎರಡನೆಯದು, ಪಾತ್ರೆ. ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಪೆಟ್ರೋಲ್ ತಂದು ಬಾಯಿಂದ ಬಾಯಿಗೆ ಸುರಿಯುವುದು. ಬಾಟಲಿ ಬಗ್ಗಿಸಿದಾಗ ಒಳಗೆ ಗಾಳಿ ಹೋಗಲು ದಾರಿ ಇಲ್ಲದೆ ಇಂಧನ ಗುಳುಗುಳು ಅಂತ ಹಾರುತ್ತದೆ. ಇದು ಕಾನೂನಿಗೂ ಸರಿಹೊಂದದು. 1934ರ ಪೆಟ್ರೋಲಿಯಂ ಕಾಯ್ದೆ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಪೆಟ್ರೋಲನ್ನು 30 ಲೀಟರ್‌ಗೆ ಮಿತಿಗೊಳಿಸುತ್ತದೆ. ಅದೂ ಮಾರಾಟಕ್ಕಲ್ಲ, ಗಟ್ಟಿ ಮುಚ್ಚಳದ ಪಾತ್ರೆಯಲ್ಲಿ; ಲೋಹದ್ದಾದರೆ 25 ಲೀಟರ್, ಗಾಜು ಅಥವಾ ಪಿಂಗಾಣಿಯದಾದರೆ 1 ಲೀಟರ್ ಮಾತ್ರ. 5 ಲೀಟರಿನ ಒಂದು ಲೋಹದ ಕ್ಯಾನ್, ಬಾಗುವ ಮೂತಿ, ಜಾಲರಿ ಇರುವ ಒಂದು ಆಲಿಕೆ. ಇಷ್ಟಕ್ಕೆ ಆಗುವ ಖರ್ಚು ಒಂದು ಪಂಪ್ ರಿಪೇರಿಗಿಂತ ಕಡಿಮೆ.

ಮೂರನೆಯದು ಅವಸರ. ಇಲ್ಲಿ ನಾವು ಮಾಲೀಕರು ನಮ್ಮನ್ನೇ ನೋಡಿಕೊಳ್ಳಬೇಕು. ಕಳೆ ಕೊಚ್ಚುವ ಹುಡುಗ ಗಂಟೆ ಲೆಕ್ಕದಲ್ಲಿ ಬಂದಿರುತ್ತಾನೆ. ಯಂತ್ರ ನಿಂತರೆ ನಮ್ಮ ಹುಬ್ಬು ಮೇಲೇರುತ್ತದೆ. ಅವನು ಸೈಲೆನ್ಸರ್ ಕೆಂಡವಾಗಿರುವಾಗಲೇ, ಯಂತ್ರವನ್ನು ತೊಡೆಗೆ ಆನಿಸಿಕೊಂಡೇ ಪೆಟ್ರೋಲ್ ಹೊಯ್ಯುತ್ತಾನೆ. ಚೆಲ್ಲಿದರೆ ಬೆಂಕಿ ಹತ್ತುವುದು ಅವನ ಬಟ್ಟೆಗೆ, ನಮ್ಮದಕ್ಕಲ್ಲ. ಎಂಜಿನ್ ಆರಲು 10 ನಿಮಿಷ ಬೇಕು. ಆ 10 ನಿಮಿಷದ ಕೂಲಿ ನಾವು ಕೊಡಬೇಕು, ಕೊಡುತ್ತೇವೆ ಅಂತ ಬೆಳಿಗ್ಗೆಯೇ ಬಾಯಿಬಿಟ್ಟು ಹೇಳಬೇಕು. ಮಜ್ಜಿಗೆ ಕೊಡುವ ಹೊತ್ತನ್ನೇ ಪೆಟ್ರೋಲ್ ತುಂಬುವ ಹೊತ್ತಾಗಿ ಮಾಡಿದರೆ ಯಾರಿಗೂ ನಷ್ಟ ಇಲ್ಲ.

ಈಗ ಜಾಗದ ಮಾತು. ಎತ್ತಲು ಬರುವ ಯಂತ್ರಗಳನ್ನೆಲ್ಲ, ಅಂದರೆ ಬ್ರಷ್ ಕಟರ್, ಪವರ್ ಸ್ಪ್ರೇಯರ್, ಸಣ್ಣ ಪೆಟ್ರೋಲ್ ಪಂಪ್, ನೀರಿನಿಂದ ಕನಿಷ್ಠ 15-20 ಹೆಜ್ಜೆ ದೂರ ಒಯ್ದು ತುಂಬಿ. ಬಾವಿಯ ಮೇಲ್ಭಾಗದ ಇಳಿಜಾರು ಬೇಡ, ಮಳೆ ನೀರು ಬಾವಿ ಕಡೆ ಹರಿಯದ ಜಾಗ ಇರಲಿ. ಅಲ್ಲೊಂದು ಅಂಚು ಇರುವ ತಗಡಿನ ತಟ್ಟೆ, ಅದರಲ್ಲಿ ಒಂದಿಂಚು ಮರದ ಹೊಟ್ಟು. ತುಂಬಿದ ಮೇಲೆ ಯಂತ್ರವನ್ನು ನಾಲ್ಕು ಹೆಜ್ಜೆ ಆಚೆ ತಂದು ಶುರು ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಗುಂಡಿಯೊಳಗೆ ಇಳಿಸಿದ ಪಂಪಿಗೆ ಅಲ್ಲೇ ಪೆಟ್ರೋಲ್ ತುಂಬುವುದಂತೂ ಖಂಡಿತ ಬೇಡ. ಟೂ-ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಬೆರೆಸುವ ಕೆಲಸವನ್ನು ಮನೆಯಲ್ಲೇ ಮುಗಿಸಿ ಕ್ಯಾನಿನಲ್ಲಿ ತನ್ನಿ.

ಕಾಂಕ್ರೀಟಿಗೆ ಬೋಲ್ಟ್ ಹಾಕಿ ಕೂರಿಸಿದ 5 ಎಚ್‌ಪಿ ಡೀಸೆಲ್ ಪಂಪನ್ನು ಹೊತ್ತೊಯ್ಯಲು ಆಗದು, ನಿಜ. ಅದರ ಸುತ್ತ ನಾಲ್ಕಿಂಚು ಎತ್ತರದ ಸಿಮೆಂಟ್ ಅಂಚು ಕಟ್ಟಿ, ಮೇಲೊಂದು ತಗಡಿನ ಮಾಡು ಹಾಕಿ. ಮಳೆ ಆ ಜಿಡ್ಡನ್ನು ಬಾವಿಗೆ ತೊಳೆಯದಿದ್ದರೆ ಅರ್ಧ ಕೆಲಸ ಆದಂತೆ.

ಕರಾವಳಿಯ ಕುದ್ರುಗಳಲ್ಲಿ ತೆಂಗು ಬೆಳೆಯುವವರಿಗೂ ಹಿನ್ನೀರಿನ ದಂಡೆಯವರಿಗೂ ದೋಣಿಯೇ ಗಾಡಿ. ಅವರಿಗೂ ಇದೇ ಮಾತು. ಔಟ್‌ಬೋರ್ಡ್ ಎಂಜಿನ್‌ನ ಬಿಡಿ ಟ್ಯಾಂಕನ್ನು ದೋಣಿಯಲ್ಲಿಟ್ಟು ತುಂಬಬೇಡಿ. ಪೈಪ್ ಕಳಚಿ, ಟ್ಯಾಂಕನ್ನು ದಡಕ್ಕೆ ತಂದು, ನೆಲದ ಮೇಲಿಟ್ಟು ತುಂಬಿ. ಅಲೆಗೆ ದೋಣಿ ಓಲಾಡುವಾಗ ಎಂಥ ಆಲಿಕೆಯೂ ನಿಲ್ಲುವುದಿಲ್ಲ. ಟ್ಯಾಂಕ್ ದೋಣಿಗೇ ಜೋಡಿಸಿದ್ದರೆ ಎಂಜಿನ್ ನಿಲ್ಲಿಸಿ, ಜನರನ್ನು ಇಳಿಸಿ, ಗಾಳಿ ಕೊಳವೆಯ ಬಾಯಿಗೆ ಒಬ್ಬರು ಬಟ್ಟೆ ಹಿಡಿದು ನಿಲ್ಲಲಿ. ಟ್ಯಾಂಕ್ ತುಂಬುತ್ತಾ ಬಂದಾಗ ಮೊದಲು ಉಗುಳುವುದು ಆ ಕೊಳವೆಯೇ.

ಇಷ್ಟೆಲ್ಲ ಮಾಡಿಯೂ ನೀರಿಗೆ ಬಿದ್ದರೆ ಸೋಪಿನ ಪುಡಿ ಹಾಕಬೇಡಿ. ಜಿಡ್ಡು ಮಾಯವಾದಂತೆ ಕಾಣುತ್ತದೆ. ಅದು ಒಡೆದು ನೀರಿನೊಳಗೆ ಇಳಿದಿರುತ್ತದೆ ಅಷ್ಟೇ, ಮೀನಿಗೆ ಇನ್ನೂ ಕೇಡು. ಮೊದಲು ಪಂಪ್ ನಿಲ್ಲಿಸಿ. ಆಮೇಲೆ ಬೂರುಗದ ಹತ್ತಿ ತನ್ನಿ. ಈ ಹತ್ತಿಯ ಎಳೆಗೆ ಮೇಣದ ಲೇಪ ಇರುವುದರಿಂದ ಅದು ನೀರು ಹೀರುವುದಿಲ್ಲ, ಎಣ್ಣೆ ಹೀರುತ್ತದೆ, ಮುಳುಗದೆ ತೇಲುತ್ತದೆ. ಹಳೆಯ ದಿಂಬಿನ ಹತ್ತಿಯನ್ನು ಸೊಳ್ಳೆ ಪರದೆಯ ತುಂಡಿನಲ್ಲಿ ಸಡಿಲವಾಗಿ ಕಟ್ಟಿ ಬಾವಿಗೆ ಇಳಿಬಿಡಿ. ಮಾರುಕಟ್ಟೆಯ ಎಣ್ಣೆ ಹೀರುವ ಹಾಸುಗಳು ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಪದರ ಹೋದ ಮೇಲೂ ಆ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಲು ಬಳಸಬೇಡಿ. ನೆಲಕ್ಕೆ ಚೆಲ್ಲಿದ್ದರೆ ಒಣ ಮಣ್ಣು ಅಥವಾ ಹೊಟ್ಟು ಹಾಕಿ, ಹೀರಿದ ಮೇಲೆ ಕೆರೆದು ತೆಗೆಯಿರಿ. ಅದನ್ನು ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ, ಮುಚ್ಚಿದ ಕೋಣೆಯಲ್ಲೂ ಇಡಬೇಡಿ.

ಸೋಲಾರ್ ಪಂಪ್ ಬಂದಿದೆ, ಇನ್ನು ಈ ತಲೆಬಿಸಿ ಯಾಕೆ ಅನ್ನುವವರಿದ್ದಾರೆ. ಸೋಲಾರ್ ಹಾಕುವವರು ಹಾಕಲಿ, ನನಗೂ ಸಂತೋಷವೇ. ಆದರೆ ಟಿಲ್ಲರ್, ಬ್ರಷ್ ಕಟರ್, ದೋಣಿ ನಾಳೆಯೇ ಬದಲಾಗುವುದಿಲ್ಲ. ಹೊಳೆ ದೊಡ್ಡದು, ನನ್ನ ಒಂದು ಚಮಚದಿಂದ ಏನಾಗುತ್ತೆ ಅನ್ನುವ ಮಾತೂ ಇದೆ. ಆದರೆ ಹೊಳೆಯುದ್ದಕ್ಕೂ ಇರುವ ಪಂಪುಗಳಲ್ಲಿ ನಮ್ಮದು ಒಂದೇ ಅಲ್ಲವಲ್ಲ. ಬೇಸಿಗೆಯಲ್ಲಿ ಹೊಳೆ ಗುಂಡಿಗಳಾಗಿ ನಿಂತಾಗ ಅದು ದೊಡ್ಡದೂ ಅಲ್ಲ.

ಇಲಾಖೆಗೂ ಒಂದು ಮಾತು. ಸಹಾಯಧನದಲ್ಲಿ ಯಂತ್ರ ಕೊಡುವಾಗ ಜೊತೆಗೆ ಒಂದು ಲೋಹದ ಕ್ಯಾನ್ ಮತ್ತು ಆಲಿಕೆ ಕೊಡುವುದನ್ನು ಕಡ್ಡಾಯ ಮಾಡಿ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೆ ಹೋಗುವ ಪ್ರತಿ ಯಂತ್ರಕ್ಕೂ ಇವೆರಡು ಕಟ್ಟಿರಲಿ. ಸಾವಯವ ಗುಂಪುಗಳು ಸದಸ್ಯರ ತೋಟ ಪರಿಶೀಲನೆಗೆ ಹೋದಾಗ ಗೊಬ್ಬರದ ಗುಂಡಿ ನೋಡಿದಂತೆಯೇ ಪಂಪಿನ ಬುಡವನ್ನೂ ನೋಡಲಿ.

ಈ ವಾರ ಮಾಡಬಹುದಾದ ಕೆಲಸ ಒಂದೇ. ನಿಮ್ಮ ಪಂಪಿನ ಬುಡದ ಮಣ್ಣನ್ನು ಒಂದು ಹಿಡಿ ತೆಗೆದು ಮೂಸಿ ನೋಡಿ. ಡೀಸೆಲ್ ವಾಸನೆ ಬಂದರೆ, ಅಲ್ಲಿಂದ ಬಾವಿಗೆ ಎಷ್ಟು ಹೆಜ್ಜೆ ಅಂತ ಎಣಿಸಿ.