ಹಳೆಯ ಕಾರುಗಳ ವ್ಯಾಪಾರವೂ ಕಾಗದದಲ್ಲಿಲ್ಲದ ವ್ಯಾಪಾರಿಯೂ

ಔರಾದ ತಾಲೂಕಿನ ಎಕಂಬಾ ಗ್ರಾಮದ ರೈತರೊಬ್ಬರು ಕಳೆದ ವಾರ ನಮ್ಮ ಕಚೇರಿಗೆ ಬಂದು ಒಂದು ಕಟ್ಟು ಕಾಗದಗಳನ್ನು ಮೇಜಿನ ಮೇಲಿಟ್ಟರು. ಸೋಯಾಬೀನ್, ತೊಗರಿ ಮಾರಿ ಬಂದ ಹಣಕ್ಕೆ ಕೈಗಡವನ್ನೂ ಕೂಡಿಸಿ, ಗಡಿಯಾಚೆಯ ನಗರವೊಂದರ ಅಂಗಡಿಯಲ್ಲಿ ಅವರು ೨,೮೦,೦೦೦ ರೂಪಾಯಿಗೆ ಹಳೆಯ ಕಾರೊಂದನ್ನು ಕೊಂಡಿದ್ದರು. ಬೇನೆಯಿಂದ ನರಳುವ ತಾಯಿಯನ್ನು ವಾರಕ್ಕೆರಡು ಸಲ ಬೀದರಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿದ್ದುದೇ ಈ ಖರೀದಿಗೆ ಕಾರಣ. ಎರಡನೆಯ ತಿಂಗಳಲ್ಲಿಯೇ, ಆ ವೃದ್ಧೆಯು ಒಳಗೆ ಕುಳಿತಿರುವಾಗ, ಸಂತಪುರದ ಬಳಿ ಕಾರು ನಿಂತಿತು; ಮತ್ತೆ ಹೊರಡಲಿಲ್ಲ. ಬೀದರಿನ ಮಿಸ್ತ್ರಿಯು ಕಾಲಡಿಯ ಹಾಸನ್ನು ಎತ್ತಿ ನೋಡಿದರೆ ಅಲ್ಲಿ ಒಣಗಿದ ರೇವೆಮಣ್ಣು, ಆಸನದ ಬೋಲ್ಟುಗಳಿಗೆ ತುಕ್ಕು, ತಂತಿಗಳ ಕೂಡಿಕೆಗಳಲ್ಲಿ ಹಸಿರು ಕಿಲುಬು. ಅದು ಎಲ್ಲಿಯೋ ನೀರಿನಲ್ಲಿ ಮುಳುಗಿ ಎದ್ದ ಕಾರು. ಅಂಗಡಿಯವನನ್ನು ಕೇಳಿದ್ದಕ್ಕೆ ಬಂದ ಉತ್ತರ ಇಷ್ಟೇ: “ನೀವೇ ನೋಡಿ ತಗೊಂಡೀರಿ.”

ಈ ಉತ್ತರವನ್ನು ಕುರಿತೇ ನಾವು ಈ ಹೊತ್ತು ನಾಲ್ಕು ಮಾತು ಬರೆಯಬೇಕಾಗಿದೆ. ದೇವಣಿ ಎತ್ತನ್ನು ಕೊಳ್ಳುವಾಗ ಹಲ್ಲು ನೋಡಿ ವಯಸ್ಸನ್ನೆಣಿಸುವ, ನಡೆಸಿ ನೋಡುವ, ನೊಗಕ್ಕೆ ಹೂಡಿ ನೋಡುವ ನಮ್ಮ ಸೀಮೆಯ ರೈತನು ಪೆದ್ದನಲ್ಲ. ಆದರೆ ಎತ್ತಿನ ಹಲ್ಲನ್ನು ಹಿಂದಕ್ಕೆ ತಿರುಗಿಸಲು ಯಾವ ದಲಾಲನಿಗೂ ಬಾರದು. ಕಾರಿನ ಮೀಟರನ್ನು ತಿರುಗಿಸಲು ಬರುತ್ತದೆ. ೧೯೩೦ರ ಸರಕು ಮಾರಾಟದ ಕಾಯಿದೆಯು ಕೊಳ್ಳುವವನು ಎಚ್ಚರದಿಂದಿರಬೇಕೆಂಬ ಹಳೆಯ ನ್ಯಾಯವನ್ನು ಉಳಿಸಿಕೊಂಡಿದೆಯಾದರೂ, ಆ ಸರಕಿನ ವ್ಯಾಪಾರವನ್ನೇ ಮಾಡುವವನಿಂದ ಅದರ ವಿವರಣೆಯನ್ನು ನಂಬಿ ಕೊಂಡಾಗ ಸರಕು ಮಾರಾಟಯೋಗ್ಯವಾಗಿರಲೇಬೇಕೆಂದು ಅದೇ ಕಾಯಿದೆಯ ೧೬ನೆಯ ಕಲಮು ಹೇಳುತ್ತದೆ. ಗಿರಾಕಿಯು ಪರೀಕ್ಷಿಸಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಗಳಿಗೆ ಮಾತ್ರ ವ್ಯಾಪಾರಿಯು ಹೊಣೆಯಲ್ಲ. ಹಾಸಿನಡಿಯ ಮಣ್ಣು ಅಂಗಡಿಯ ಮುಂದೆ ಒಂದು ಸುತ್ತು ಓಡಿಸಿದವನಿಗೆ ಕಾಣುವಂಥದೇ?

ಆದರೆ ಆ ಕಾಗದದ ಕಟ್ಟನ್ನು ಬಿಚ್ಚಿ ನೋಡಿದಾಗ ನಮಗೆ ಹೆಚ್ಚಿನ ಆಶ್ಚರ್ಯ ಕಾದಿತ್ತು. ಅದರಲ್ಲಿ ಎಲ್ಲಿಯೂ ಅಂಗಡಿಯವನ ಹೆಸರೇ ಇರಲಿಲ್ಲ! ಬಿಲ್ಲಿಲ್ಲ, ಪಾವತಿಯಿಲ್ಲ. ಮಾಲಕತ್ವ ವರ್ಗಾವಣೆಯ ೨೯ ಮತ್ತು ೩೦ನೆಯ ನಮೂನೆಗಳ ಮೇಲೆ, ಎಕಂಬಾದ ಈ ಗೃಹಸ್ಥರು ಎಂದೂ ಕಂಡರಿಯದ ಮೊದಲಿನ ಒಡೆಯನ ರುಜು ಮಾತ್ರ ಇದ್ದಿತು. ಹಣವನ್ನು ಎಣಿಸಿಕೊಂಡವನು ಒಬ್ಬ, ಮಾರಿದವನೆಂದು ಬರೆಯಿಸಿಕೊಂಡವನು ಇನ್ನೊಬ್ಬ. ನಾಳೆ ನ್ಯಾಯದ ಕಟ್ಟೆ ಏರಿದರೆ, ನಾನು ಬರಿಯ ಮಧ್ಯಸ್ಥನೆಂದು ಅಂಗಡಿಯವನು ಕೈಝಾಡಿಸಬಹುದು.

ನಮ್ಮ ವಾಚಕರಲ್ಲಿ ಅಧಿಕಾರಿಗಳೂ ವಕೀಲರೂ ವರ್ತಕರೂ ಅನೇಕರಿರುವರು. ತಮ್ಮ ಹಳೆಯ ಕಾರನ್ನು ಅಂಗಡಿಗೆ ಒಪ್ಪಿಸಿ, ಬರೆಯದ ನಮೂನೆಗಳಿಗೆ ರುಜು ಹಾಕಿ, ಹಣ ಪಡೆದು ಮರೆತವರು ಅವರಲ್ಲಿ ಇಲ್ಲದಿಲ್ಲವೆಂದು ಕಾಣುತ್ತದೆ. ಅವರು ೨೦೧೮ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪನ್ನು ಒಮ್ಮೆ ನೆನೆಯಲಿ. ೨೦೦೭ರಲ್ಲಿ ಮಾರಿದ ಕಾರೊಂದು ಹಲವರ ಕೈದಾಟಿ ೨೦೦೯ರಲ್ಲಿ ಅಪಘಾತಕ್ಕೀಡಾಯಿತು. ಸರಕಾರಿ ದಾಖಲೆಯಲ್ಲಿ ಮೊದಲಿನವನ ಹೆಸರೇ ಉಳಿದಿದ್ದುದರಿಂದ ಪರಿಹಾರದ ಹೊಣೆಯೂ ಅವನ ತಲೆಗೇ ಬಂದಿತು. ಕಾಗದದಲ್ಲಿಲ್ಲದ ವ್ಯಾಪಾರಿಯಿಂದ ಕೊಂಡವನಿಗಷ್ಟೇ ಅಲ್ಲ, ಅವನಿಗೆ ಕೊಟ್ಟವನಿಗೂ ಕೇಡುಂಟು.

ಇದಕ್ಕೆ ಉಪಾಯವಿಲ್ಲದಿಲ್ಲ. ಕೇಂದ್ರ ಸರಕಾರವು ೨೦೨೨ರ ಡಿಸೆಂಬರದಲ್ಲಿ ಮೋಟಾರು ವಾಹನಗಳ ನಿಯಮಗಳನ್ನು ತಿದ್ದಿ, ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ತಂದಿತು. ಅದರ ಮೇರೆಗೆ ಹಳೆಯ ವಾಹನಗಳ ವ್ಯಾಪಾರಿಯು ನೋಂದಣಿ ಅಧಿಕಾರಿಯಿಂದ ೨೯-ಬಿ ನಮೂನೆಯ ಅಧಿಕಾರಪತ್ರವನ್ನು ಪಡೆಯಬೇಕು. ಅದರ ಅವಧಿ ಐದು ವರ್ಷ. ಒಡೆಯನು ವಾಹನವನ್ನು ಅವನಿಗೆ ಒಪ್ಪಿಸಿದಾಗ ೨೯-ಸಿ ನಮೂನೆಯಲ್ಲಿ ಕಚೇರಿಗೆ ತಿಳಿಸಬೇಕು. ಅಲ್ಲಿಂದ ಮುಂದೆ, ವಾಹನವು ವ್ಯಾಪಾರಿಯ ವಶದಲ್ಲಿರುವವರೆಗೆ ಅವನೇ ಒಡೆಯನೆಂದು ಭಾವಿಸಲ್ಪಡುವನು. ಮರೆಯಲ್ಲಿ ನಿಂತವನನ್ನು ಬೆಳಕಿಗೆ ಎಳೆಯುವ ನಿಯಮವಿದು. ಆದರೆ ನಮ್ಮಲ್ಲಿಗೆ ಬಂದ ರೈತರು ಅದರ ಹೆಸರನ್ನೇ ಕೇಳಿರಲಿಲ್ಲ. ಅವರ ಜೊತೆಗೆ ಬಂದಿದ್ದ ಶಾಲಾ ಮಾಸ್ತರರೂ ಕೇಳಿರಲಿಲ್ಲ. ಸತ್ಯವನ್ನೇ ಹೇಳುವುದಾದರೆ, ನಾವೂ ಆ ನಮೂನೆಯನ್ನು ಹುಡುಕಿ ಓದಿದ್ದು ಅವರು ಹೋದ ಮೇಲೆಯೇ.

ನಮ್ಮ ಜಿಲ್ಲೆಗೆ ಈ ತಿಳಿವಳಿಕೆಯು ಉಳಿದೆಡೆಗಳಿಗಿಂತ ಹೆಚ್ಚು ಅವಶ್ಯ. ೧೯೫೬ರ ರಾಜ್ಯ ಪುನರ್ರಚನೆಯಲ್ಲಿ ಹೈದರಾಬಾದ ಸಂಸ್ಥಾನವು ಮೂರು ಪಾಲಾಯಿತು. ಸಂತೆ, ಸಂಬಂಧ, ವ್ಯಾಪಾರಗಳು ಪಾಲಾಗಲಿಲ್ಲ. ಔರಾದಿನವನು ಇಂದಿಗೂ ಉದಗೀರ, ನಾಂದೇಡ, ಹೈದರಾಬಾದುಗಳಿಗೆ ಹೋಗಿ ಕೊಳ್ಳುವನು. ಅಲ್ಲಿಂದ ತಂದ ಕಾರಿಗೆ ಅಲ್ಲಿಯ ಕಚೇರಿಯ ನಿರಾಕ್ಷೇಪಣ ಪತ್ರ ಬೇಕು. ಸಾಲದ ಮೇಲೆ ಕೊಂಡ ಕಾರಾಗಿದ್ದರೆ ಬ್ಯಾಂಕಿನ ಋಣವು ತೀರಿದ ಬಗ್ಗೆ ೩೫ನೆಯ ನಮೂನೆ ಬೇಕು. ಹನ್ನೆರಡು ತಿಂಗಳಿಗೆ ಮೀರಿ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ಸಂಖ್ಯೆಯನ್ನೂ ಪಡೆಯಬೇಕು. ೨೦೨೦ರ ಅಕ್ಟೋಬರದ ಮಳೆಯಲ್ಲಿ ಹೈದರಾಬಾದಿನ ಬೀದಿಗಳಲ್ಲಿ ಕಾರುಗಳು ತೇಲಿ ಹೋದುದನ್ನು ಎಲ್ಲರೂ ಕಂಡಿದ್ದಾರೆ. ಅಂತಹ ಕಾರುಗಳು ತೊಳೆದು ಒರೆಸಿಕೊಂಡು ಯಾವ ಯಾವ ಊರಿಗೆ ಹೋಗಿ ನಿಂತವೋ, ಅಧಿಕಾರಪತ್ರವಿಲ್ಲದ ಅಂಗಡಿಯವನನ್ನು ಕೇಳಿ ತಿಳಿಯುವ ಬಗೆ ಹೇಗೆ?

ಬೀದರ ಮತ್ತು ಭಾಲ್ಕಿಯ ಸಾರಿಗೆ ಕಚೇರಿಗಳ ಅಧಿಕಾರಿಗಳಲ್ಲಿ ನಮ್ಮ ವಿನಂತಿಯು ದೊಡ್ಡದಲ್ಲ. ಜಿಲ್ಲೆಯಲ್ಲಿ ಅಧಿಕಾರಪತ್ರ ಪಡೆದ ವ್ಯಾಪಾರಿಗಳ ಯಾದಿಯನ್ನು ಕನ್ನಡದಲ್ಲಿ ಬರೆಯಿಸಿ ಕಚೇರಿಯ ಬಾಗಿಲಲ್ಲಿಯೂ ತಾಲೂಕು ಕಚೇರಿಗಳಲ್ಲಿಯೂ ತೂಗುಹಾಕಲಿ. ಪಡೆಯದವರ ಅಂಗಡಿಗಳಿಗೆ ಒಮ್ಮೆ ಹೋಗಿ ಬರಲಿ. ಅಂಗಡಿಗಳೇನೂ ಗುಪ್ತವಾಗಿಲ್ಲ, ಹೆದ್ದಾರಿಯ ಮಗ್ಗುಲಲ್ಲಿಯೇ ಕಾರುಗಳು ಸಾಲುಗಟ್ಟಿ ನಿಂತಿರುತ್ತವೆ.

ಎಕಂಬಾದ ರೈತರಿಗೆ ನಾವು ಹೇಳಿ ಕಳುಹಿದ್ದು ಇದು: ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅವರು ಅಂಗಡಿಯಿದ್ದ ಊರಿಗೆ ಅಲೆಯಬೇಕಾಗಿಲ್ಲ, ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಎಂದರೆ ಬೀದರಿನಲ್ಲಿಯೇ, ಫಿರ್ಯಾದು ಕೊಡಬಹುದು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷದ ಗಡುವಿದೆ. ಅದರಲ್ಲಿ ಏಳು ತಿಂಗಳು ಈಗಾಗಲೇ ಕಳೆದಿವೆ. ಬಿಲ್ಲು ಕೊಡದಿರುವುದೂ ಆ ಕಾಯಿದೆಯಲ್ಲಿ ಅನುಚಿತ ವ್ಯಾಪಾರವೆಂದೇ ಎಣಿಸಲ್ಪಟ್ಟಿದೆ. ಸುದೈವದಿಂದ ಹಣದ ಒಂದು ಭಾಗವನ್ನು ಅವರು ಬ್ಯಾಂಕಿನ ಮೂಲಕ ಅಂಗಡಿಯವನ ಖಾತೆಗೆ ಕಳಿಸಿದ್ದರು. ಆ ಇಡೀ ಕಟ್ಟಿನಲ್ಲಿ ಅವನ ಹೆಸರು ಸಿಗುವ ಕಾಗದವೆಂದರೆ ಬ್ಯಾಂಕಿನಿಂದ ತರಬೇಕಾದ ಅದೊಂದೇ. ಅದನ್ನು ತರಲು ಅವರು ಸೋಮವಾರ ಔರಾದಿಗೆ ಹೋಗುವವರಿದ್ದಾರೆ, ಬಸ್ಸಿನಲ್ಲಿ.