ಹಡೆದವರು ಕಡಲಾಚೆ ಬಂದಾಗ

ಮಕ್ಕಳು ಚಿಕ್ಕವರಿದ್ದಾಗ ತಂದೆತಾಯಿಗಳು ಅವರ ಕೈಹಿಡಿದು ಜಾತ್ರೆ ತೋರಿಸುತ್ತಾರೆ. ಅದೇ ಮಕ್ಕಳು ದೊಡ್ಡವರಾಗಿ ಪರದೇಶದಲ್ಲಿ ಮನೆ ಹೂಡಿದ ಮೇಲೆ, ಹಡೆದವರ ಕೈಹಿಡಿದು ತಾವಿರುವ ಊರನ್ನು ತೋರಿಸುವ ಸರದಿ ಅವರದಾಗುತ್ತದೆ. ನಮಗೆ ಈ ಸರದಿ ಒದಗಿಬರಲು ದುಬೈ ಸೇರಿ ಹನ್ನೊಂದು ವರ್ಷಗಳೇ ಬೇಕಾದವು. ಕಳೆದ ಚಳಿಗಾಲದಲ್ಲಿ ಧಾರವಾಡ ಜಿಲ್ಲೆಯ ನಮ್ಮ ಹಳ್ಳಿಯಿಂದ ಅಪ್ಪ ಮತ್ತು ಅವ್ವ ಬಂದು, 22 ದಿನ ನಮ್ಮೊಡನಿದ್ದು ಹೋದರು. ಮಗನೋ ಮಗಳೋ ಕಡಲಾಚೆ ಇರುವ ಮನೆಗಳು ನಮ್ಮ ಸಮಾಜದಲ್ಲಿ ಇಂದು ಬಹಳವಾಗಿರುವುದರಿಂದ, ಆ ದಿನಗಳಲ್ಲಿ ಅವರು ಕಂಡದ್ದನ್ನೂ ನಾವು ಕಲಿತದ್ದನ್ನೂ ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ತೋರಿತು.

ಮೊದಲ ಪಾಠವು ವಿಮಾನ ಏರುವ ಮುನ್ನವೇ ಆಯಿತು. ಗಂಟು ಕಟ್ಟುತ್ತಿದ್ದ ಅವ್ವ ದೂರವಾಣಿಯಲ್ಲಿ ಒಂದೊಂದೇ ಪದಾರ್ಥದ ಹೆಸರು ಹೇಳುತ್ತ ಹೋದರು: ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕಟಕ ರೊಟ್ಟಿ, ಮೊಮ್ಮಗಳಿಗೆಂದು ಕರದಂಟು, ಹೋಳಿಗೆ ಜೊತೆ ಕುಡಿಯುವ ಪಾಯಸಕ್ಕೆ ಅರ್ಧ ಕಿಲೋ ಗಸಗಸೆ. ಗಸಗಸೆಯ ಹೆಸರು ಕೇಳಿದೊಡನೆ ನಮ್ಮೆದೆ ಧಸಕ್ಕೆಂದಿತು. ನಮ್ಮ ಅಡುಗೆಮನೆಯ ಈ ನಿರಪಾಯದ ಕಾಳು ಅಫೀಮಿನ ಗಿಡದ ಬೀಜವಾದುದರಿಂದ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಷಿದ್ಧ. ಅದನ್ನು ತಂದವರು ಕಾನೂನಿನ ಕೈಗೆ ಸಿಕ್ಕಿಬೀಳುತ್ತಾರೆ. ಅದರಂತೆಯೇ ನಮ್ಮೂರಿನ ಔಷಧದಂಗಡಿಯಲ್ಲಿ ಸಿಗುವ ಕೆಲವು ನೋವಿನ ಗುಳಿಗೆಗಳನ್ನೂ ಕೆಮ್ಮಿನ ಔಷಧಗಳನ್ನೂ ಇಲ್ಲಿಗೆ ಮನಬಂದಂತೆ ತರುವಂತಿಲ್ಲ. ಟ್ರಮಡಾಲ್, ಕೊಡೀನ್ ಇರುವ ಔಷಧಗಳ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. ಗಸಗಸೆ ಊರಲ್ಲೇ ಉಳಿಯಿತು. ಅಪ್ಪನ ಮೊಣಕಾಲು ನೋವಿನ ಗುಳಿಗೆಗಳನ್ನು ವೈದ್ಯರಿಗೆ ತೋರಿಸಿ, ಅವರ ಚೀಟಿಯೊಡನೆ ತರಿಸಿಕೊಂಡೆವು.

ಎರಡನೆಯ ಚಿಂತೆ ಇಷ್ಟಲಿಂಗದ್ದು. ಅಪ್ಪ ದೀಕ್ಷೆ ಪಡೆದಂದಿನಿಂದ ಲಿಂಗವನ್ನು ದೇಹದಿಂದ ಅಗಲಿಸಿದವರಲ್ಲ. ಭದ್ರತಾ ತಪಾಸಣೆಯಲ್ಲಿ ಬೆಳ್ಳಿಯ ಕರಡಿಗೆ ಸದ್ದು ಮಾಡುವುದು ಖಂಡಿತ; ಬಿಚ್ಚಿ ತಟ್ಟೆಯಲ್ಲಿಡು ಎಂದರೆ ಗತಿಯೇನು? ಅವರು ಮುಂದಾಗಿಯೇ ಸಿಬ್ಬಂದಿಗೆ ವಿಷಯ ತಿಳಿಸಿ, ಕರಡಿಗೆಯನ್ನು ತೆರೆದು ಅಂಗೈಯಲ್ಲಿಟ್ಟುಕೊಂಡು ತೋರಿಸಿದರಂತೆ. ಆ ಯುವಕ ಬಗ್ಗಿ ನೋಡಿ, ಕೈಮುಗಿದು, ಮುಂದೆ ಕಳುಹಿಸಿದನಂತೆ. ಎಲ್ಲೆಡೆಯೂ ಹೀಗೆಯೇ ನಡೆದೀತೆಂದು ಹೇಳಲಾಗದು. ಆದರೆ ಅಂಜದೆ, ಸಿಡುಕದೆ, ಮೊದಲೇ ತಿಳಿಸಿ ಹೇಳುವುದು ಒಳ್ಳೆಯದೆಂಬುದು ಅವರ ಅನುಭವ.

ಬಂದ ರಾತ್ರಿ ಊಟವಾದ ಮೇಲೆ ಅಪ್ಪ, "ತಮ್ಮಾ, ಹೊಲದ ಮಾತು ಒಂದೈತಿ. ಸಾವಕಾಶ ಹೇಳ್ತೀನಿ" ಎಂದರು. ಆ ಮಾತು ಯಾವುದೆಂದು ತಂಗಿಯಿಂದ ನಮಗೆ ಮೊದಲೇ ತಿಳಿದಿತ್ತು. ನಮ್ಮ ನಾಲ್ಕು ಎಕರೆ ಎರಿಹೊಲವನ್ನು ಪಕ್ಕದ ಊರಿನವರೊಬ್ಬರು ಕೇಳಿದ್ದರು. ಅಪ್ಪನಿಗೆ ಎಪ್ಪತ್ನಾಲ್ಕು ವರ್ಷ. ಆಳುಗಳು ಸಿಗುವುದಿಲ್ಲ, ಮೊಣಕಾಲು ಕೇಳುವುದಿಲ್ಲ. ಕೊಡಬೇಕೋ ಇಟ್ಟುಕೊಳ್ಳಬೇಕೋ ಎಂಬುದು ಮಗ ಮರಳಿ ಬರುತ್ತಾನೋ ಇಲ್ಲವೋ ಎಂಬುದರ ಮೇಲೆ ನಿಂತಿತ್ತು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. "ಆಗಲಿ ಅಪ್ಪಾ, ಮೊದಲ ಊರು ನೋಡ್ರಿ" ಎಂದೆವು.

ಹಾಗೆಂದು ಊರು ತೋರಿಸಲು ತೊಡಗಿದೆವು. ಮೊದಲಿಗೆ 2009ರ ಸೆಪ್ಟೆಂಬರ್ 9ರಂದು ಆರಂಭವಾದ ಮೆಟ್ರೋ ರೈಲು. ಅದಕ್ಕೆ ಚಾಲಕನಿಲ್ಲವೆಂದು ಕೇಳಿ ಅವ್ವ ಇಳಿಯುವ ತನಕ ಮೊಮ್ಮಗಳ ಕೈ ಬಿಡಲಿಲ್ಲ. ಆ ಬಳಿಕ ಬುರ್ಜ್ ಖಲೀಫಾ. 2010ರ ಜನವರಿ 4ರಂದು ಉದ್ಘಾಟನೆಗೊಂಡ 828 ಮೀಟರ್ ಎತ್ತರದ ಆ ಕಟ್ಟಡದ 124ನೆಯ ಅಂತಸ್ತಿನಲ್ಲಿ ನಿಂತು ನಾವು ರಸ್ತೆಗಳನ್ನೂ ಸಮುದ್ರವನ್ನೂ ಬೆರಳು ಮಾಡಿ ತೋರಿಸುತ್ತಿದ್ದರೆ, ಅಪ್ಪ ಕೇಳಿದ್ದು ಒಂದೇ ಮಾತು: "ಇಷ್ಟ ಮಂದಿಗೆ ಕುಡಿಯಾಕ ನೀರ ಎಲ್ಲಿಂದಪಾ?" ಇಲ್ಲಿ ನದಿಯಿಲ್ಲ, ಕೆರೆಯಿಲ್ಲ, ವರ್ಷದ ಮಳೆ ಸುಮಾರು 100 ಮಿಲಿಮೀಟರ್ ಮಾತ್ರ. ಜೆಬೆಲ್ ಅಲಿಯ ಸ್ಥಾವರಗಳಲ್ಲಿ ಸಮುದ್ರದ ನೀರಿನ ಉಪ್ಪು ಬೇರ್ಪಡಿಸಿ ಮನೆಮನೆಗೆ ಹರಿಸುತ್ತಾರೆಂದು ವಿವರಿಸಿದೆವು. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಮರುದಿನದಿಂದ ಅವರು ಸ್ನಾನಕ್ಕೆ ಒಂದೇ ಬಕೀಟು ನೀರು ಹಿಡಿದುಕೊಳ್ಳತೊಡಗಿದುದನ್ನು ನಮ್ಮ ಮನೆಯವರು ಗಮನಿಸಿದರು. ಹನ್ನೊಂದು ವರ್ಷ ನಲ್ಲಿ ತಿರುಗಿಸಿದ ನಮಗೆ ಆ ವಿಚಾರ ಹೊಳೆದಿರಲಿಲ್ಲ.

ಅವರಿಗೆ ಮನಸಾರೆ ಹಿಡಿಸಿದ್ದು ಹಳೆಯ ದುಬೈ. ಕ್ರೀಕ್ ಎಂದು ಕರೆಯುವ ಸಮುದ್ರದ ಹಿನ್ನೀರು ಊರನ್ನು ಎರಡಾಗಿ ಸೀಳಿದೆ; ಈಚೆ ಬರ್ ದುಬೈ, ಆಚೆ ದೇರಾ. ನಡುವೆ ಓಡಾಡುವ ಅಬ್ರಾ ಎಂಬ ಕಟ್ಟಿಗೆಯ ದೋಣಿಗೆ ಇಂದಿಗೂ ಒಂದು ದಿರ್ಹಮ್. ದಂಡೆಯ ಸಮೀಪದಲ್ಲಿ ಸುಮಾರು 1787ರಲ್ಲಿ ಕಟ್ಟಿದ ಅಲ್ ಫಹೀದಿ ಕೋಟೆ, ಅದರಾಚೆ ಗಾಳಿಗೋಪುರಗಳ ಹಳೆಯ ಮನೆಗಳು. ಮೇಲೆ ಬೀಸುವ ಗಾಳಿಯನ್ನು ಆ ಗೋಪುರದ ನಾಲ್ಕು ಮುಖಗಳು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತಿದ್ದವು; ವಿದ್ಯುತ್ತಿಲ್ಲದ ಕಾಲದಲ್ಲಿ ಅದೇ ತಂಪು. ನಮ್ಮ ಹಳ್ಳಿಮನೆಯ ಬೆಳಕಿಂಡಿಯನ್ನು ನೆನೆದು ಅಪ್ಪ ಆ ಗೋಪುರದ ಕೆಳಗೆ ಕುಳಿತೇ ಬಿಟ್ಟರು.

ದೋಣಿಯಲ್ಲಿ ಅವರಿಗೊಂದು ಸಂಗತಿ ತಿಳಿಸಿದೆವು. ಒಂದು ಕಾಲಕ್ಕೆ ಇಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿ ಸೀಮೆಗೆಂದೇ ಬೇರೆ ನೋಟು ಹೊರಡಿಸಿತು. 1966ರಲ್ಲಿ ರೂಪಾಯಿಯ ಅಪಮೌಲ್ಯವಾದ ಬಳಿಕ ಅದರ ಚಲಾವಣೆ ನಿಂತಿತು. ಅದೇ 1966ರಲ್ಲಿ ದುಬೈಗೆ ತೈಲ ಸಿಕ್ಕಿತು. 1971ರ ಡಿಸೆಂಬರ್ 2ರಂದು ಸಂಸ್ಥಾನಗಳ ಒಕ್ಕೂಟವಾಯಿತು. 1973ರಲ್ಲಿ ದಿರ್ಹಮ್ ಬಂದಿತು. "ಅಂದ್ರ ನಾ ಸಾಲಿಗೆ ಹೋಗೂಮುಂದ ಇವ್ರ ನಮ್ಮ ರೊಕ್ಕಾ ಎಣಸ್ತಿದ್ರು. ಈಗ ನಾವ ಇವರದ ಎಣಸಾಕ ಹತ್ತೀವಿ" ಎಂದು ಅಪ್ಪ ನಕ್ಕರು.

ಅವರು ಕನ್ನಡದಲ್ಲಿ ಆಡಿದ ಮಾತು ಎದುರು ಹಲಗೆಯ ಮೇಲಿದ್ದ ಒಬ್ಬ ತರುಣನ ಕಿವಿಗೆ ಬಿತ್ತು. ಕಲಬುರಗಿ ಕಡೆಯವನು, ಕಟ್ಟಡದ ಕೆಲಸ. ಬೇಸಿಗೆಯಲ್ಲಿ, ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ, ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ದುಡಿಸಬಾರದೆಂಬ ನಿಯಮವಿದೆಯೆಂದೂ, ಉಳಿದ ಹೊತ್ತಿನ ಬಿಸಿಲೂ ಬಿಸಿಲೇ ಎಂದೂ ಹೇಳಿದ. ಊರಿಗೆ ಹೋಗಿ ಮೂರು ವರ್ಷವಾಗಿತ್ತು. "ನಿಮ್ಮಪ್ಪನ್ನ ಕರಸ್ಕೊಂಡಿಲ್ಲೇನು?" ಎಂದು ಅವ್ವ ಕೇಳಿದಾಗ ಅವನು ನಕ್ಕ. ಒಂದೇ ಕೋಣೆಯಲ್ಲಿ ಹಲವರು ಮಲಗುವ ವಸತಿಗೆ ತಂದೆಯನ್ನು ಎಲ್ಲಿಗೆ ಕರೆತರುವುದು? ಇಳಿಯುವಾಗ ಅವನು ಅಪ್ಪನ ಪಾದ ಮುಟ್ಟಿದ. ಅವ್ವ ತಮ್ಮ ಚೀಲದಲ್ಲಿದ್ದ ಕರದಂಟಿನ ಪೊಟ್ಟಣವನ್ನು ಇಡಿಯಾಗಿ ಅವನ ಕೈಗಿತ್ತರು. ಹಡೆದವರಿಗೆ ಊರು ತೋರಿಸುವುದು ಎಲ್ಲರಿಗೂ ಒದಗುವ ಭಾಗ್ಯವಲ್ಲವೆಂಬುದು ಅಂದು ನಮಗೆ ಚುಚ್ಚಿ ತಿಳಿಯಿತು. ಆ ಭಾಗ್ಯವನ್ನು ನಾವು ಹೇಗೆ ಕಳೆಯುತ್ತಿದ್ದೆವು?

ದೇರಾದ ಚಿನ್ನದ ಪೇಟೆಯಲ್ಲಿ ಅವ್ವ ಎಲ್ಲವನ್ನೂ ನೋಡಿದರು, ಏನನ್ನೂ ಕೊಳ್ಳಲಿಲ್ಲ. ಅದು ಒಳ್ಳೆಯದೇ ಆಯಿತು. ಆಭರಣಗಳಿಗೆ ಸುಂಕದ ವಿನಾಯಿತಿ ಇರುವುದು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿ ನೆಲೆಸಿ ಮರಳುವವರಿಗೇ ಹೊರತು, ಮೂರು ವಾರ ಇದ್ದು ಹೋಗುವವರಿಗಲ್ಲ. 2024ರ ಫೆಬ್ರವರಿ 14ರಂದು ಲೋಕಾರ್ಪಣೆಗೊಂಡ ಅಬುಧಾಬಿಯ ಶಿಲಾಮಂದಿರವನ್ನೂ ತೋರಿಸಿದೆವು. ಏಳು ಸಂಸ್ಥಾನಗಳಿಗೆ ಏಳು ಶಿಖರಗಳು. ಅಂಗೈಯಲ್ಲೇ ಪೂಜೆ ಮುಗಿಸುವ ಅಪ್ಪ ಅಲ್ಲಿ ಕಂಬದಿಂದ ಕಂಬಕ್ಕೆ ನಡೆದು, ಕಲ್ಲು ಕೆತ್ತಿದವರ ಕೈಯನ್ನು ಕೊಂಡಾಡಿದರು.

ಹಗಲು ಹೀಗೆ ಕಳೆಯುತ್ತಿದ್ದರೂ, ನಾವಿಬ್ಬರೂ ಕೆಲಸಕ್ಕೆ ಹೋದ ದಿನಗಳು ಅವರಿಗೆ ಭಾರವಾಗಿದ್ದವು. ಹದಿನಾಲ್ಕನೆಯ ಅಂತಸ್ತಿನಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿರುತ್ತವೆ. ಕಟ್ಟೆಯಿಲ್ಲ, ಹಾದಿಯಲ್ಲಿ ಹೋಗುವವರನ್ನು "ಊಟಾತೇನ್ರಿ" ಎಂದು ಕೇಳುವಂತಿಲ್ಲ. ಒಂದು ದಿನ ಅವ್ವ ಇಲ್ಲಿಯ ಅಂಗಡಿಯಲ್ಲಿ ಸಿಕ್ಕ ಜೋಳದ ಹಿಟ್ಟಿನಿಂದ ರೊಟ್ಟಿ ಬಡಿಯುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ಸದ್ದಿಗೆ ಬೇಸತ್ತು ಬಂದರೆಂದು ಅವ್ವ ಹೆದರಿದರು. ಬಂದಿದ್ದವರು ಪಕ್ಕದ ಮನೆಯ ಪಾಕಿಸ್ತಾನದ ಕುಟುಂಬದ ವೃದ್ಧೆ. ಅವರೂ ಮಗನ ಮನೆಗೆ ಬಂದವರೇ. ರೊಟ್ಟಿಯನ್ನು ನೋಡಿ "ಜವಾರ್?" ಎಂದರಂತೆ, ಅವ್ವ "ಹೌದ್ರಿ, ಜ್ವಾಳ" ಎಂದರಂತೆ. ಅಲ್ಲಿಂದ ಮುಂದೆ ಪ್ರತಿ ಮಧ್ಯಾಹ್ನ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡುತ್ತ ಕುಳಿತಿರುತ್ತಿದ್ದರು. ಹನ್ನೊಂದು ವರ್ಷದಲ್ಲಿ ನಾವು ಆ ಬಾಗಿಲನ್ನು ತಟ್ಟಿರಲಿಲ್ಲ.

ಹತ್ತೊಂಬತ್ತನೆಯ ದಿನ ತೋರಿಸಲು ಹೆಚ್ಚೇನೂ ಉಳಿದಿರಲಿಲ್ಲ. ಮುಶ್ರಿಫ್ ಉದ್ಯಾನಕ್ಕೆ ಕರೆದೊಯ್ದೆವು. ಅಲ್ಲಿ ಮರಳಿನಲ್ಲಿ ತಾನಾಗಿ ಬೆಳೆದ ಗಾಫ್ ಮರಗಳ ಕಾಡಿದೆ. ಅಪ್ಪ ಒಂದು ಮರದ ಬಳಿ ನಿಂತು, ತೊಗಟೆ ಸವರಿ, ಬಾಗಿದ ಟೊಂಗೆಯ ಎಲೆಯನ್ನು ಹತ್ತಿರದಿಂದ ನೋಡಿ, "ಇದು ಬನ್ನಿಗಿಡ ಅಲ್ಲೇನು?" ಎಂದರು. ಮನೆಗೆ ಬಂದು ಪುಸ್ತಕ ತೆಗೆದು ನೋಡಿದರೆ ಅವರ ಮಾತು ನಿಜ. ಈ ನಾಡಿನ ರಾಷ್ಟ್ರವೃಕ್ಷವಾದ ಗಾಫ್, ಮಹಾನವಮಿಗೆ ನಾವು ಮುಡಿಯುವ ಬನ್ನಿ, ಎರಡೂ ಒಂದೇ. ಬೇರು ಬಹಳ ಆಳಕ್ಕಿಳಿದು ನೀರು ಹುಡುಕುವುದರಿಂದ ಅದು ಮರಳುಗಾಡಿನಲ್ಲೂ ಹಸಿರಾಗಿರುತ್ತದೆ. 2019ನ್ನು ಇಲ್ಲಿ ಸಹಿಷ್ಣುತೆಯ ವರ್ಷವೆಂದು ಆಚರಿಸಿದಾಗ ಇದೇ ಮರವನ್ನು ಲಾಂಛನವಾಗಿ ಆರಿಸಿದ್ದರು. ವಾರಕ್ಕೊಮ್ಮೆ ಅದರ ನೆರಳಿನಲ್ಲಿ ಅಡ್ಡಾಡುತ್ತಿದ್ದ ನಾವು ಅದನ್ನು ಗುರುತಿಸಿರಲಿಲ್ಲ.

ನಮ್ಮ ಹೊಲದ ಬದುವಿನ ಮೇಲೂ ಒಂದು ಬನ್ನಿ ಇದೆ. ಮಾತು ಅಲ್ಲಿಗೆ ಬಂದೇ ಬಂದಿತು. "ಈಗರೆ ಹೇಳು ತಮ್ಮಾ. ಬರ್ತಿಯೋ, ಇಲ್ಲೋ?" ಎಂದರು ಅಪ್ಪ.

ಇದ್ದುದನ್ನು ಇದ್ದಂತೆ ಹೇಳಿದೆವು. ಇಲ್ಲಿ ನಮ್ಮ ವಾಸದ ಪರವಾನಗಿ ನೌಕರಿಗೆ ಕಟ್ಟಿದ್ದು. ನೌಕರಿ ಮುಗಿದಂದು ಹೊರಡುವವರೇ. ಆದರೆ ಮಗಳ ಓದು ಮುಗಿಯಲು ಇನ್ನೂ ಒಂಬತ್ತು ವರ್ಷ. ಆಮೇಲೆ ಬಂದರೂ ನಾವು ಒಕ್ಕಲುತನ ಮಾಡಬಲ್ಲೆವೆಂದು ಮಾತು ಕೊಡಲಾರೆವು. ಹೇಳಿ ಮುಗಿಸುವಾಗ ಧ್ವನಿ ಸರಿಯಾಗಿರಲಿಲ್ಲ.

ಅಪ್ಪ ಕೇಳಿಕೊಂಡು, "ಇಷ್ಟ ಹೇಳಾಕ ನನ್ನ ಇಷ್ಟ ದಿನಾ ಊರ ತಿರಗಿಸಿದಿ?" ಎಂದರು. ಅವ್ವ ಮೊದಲು ನಕ್ಕರು, ಬಳಿಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅಪ್ಪನೇ ತೀರ್ಮಾನ ಹೇಳಿದರು: "ಮೂರ ಎಕರೆ ಕೊಟ್ಟ ಬಿಡ್ತೀನಿ. ನನ್ನ ಕೈಲೆ ಆಗೂದಿಲ್ಲ. ಬನ್ನಿಗಿಡ ಇರೂದ ಒಂದ ಎಕರೆ ಇರಲಿ."

ಉಳಿದ ಮೂರು ದಿನ ನಾವು ಎಲ್ಲಿಗೂ ಹೋಗಲಿಲ್ಲ. ರಜೆ ಹಾಕಿ ಮನೆಯಲ್ಲೇ ಇದ್ದೆವು. ಮೂರು ವಾರಗಳಲ್ಲಿ ಅವರಿಗೆ ಅತ್ಯಂತ ಹಿತವಾದ ದಿನಗಳು ಅವೇ ಎಂದು ಅವ್ವ ಹೋಗುವಾಗ ಹೇಳಿದರು.

ಹಡೆದವರನ್ನು ಕರೆಸಿಕೊಳ್ಳಲಿರುವ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ನವೆಂಬರಿನಿಂದ ಮಾರ್ಚಿಯೊಳಗೆ ಕರೆಸಿಕೊಳ್ಳಿರಿ. ಬೇಸಿಗೆಯ ಬಿಸಿಲು ವಯಸ್ಸಾದವರಿಗೆ ತಡೆಯದು. ಭೇಟಿಯ ವೀಸಾ 30 ದಿನಕ್ಕೂ ಸಿಗುತ್ತದೆ, 60 ದಿನಕ್ಕೂ ಸಿಗುತ್ತದೆ. ತುಸು ಉದ್ದದ್ದನ್ನೇ ಪಡೆಯಿರಿ. ಅವರಿದ್ದಷ್ಟು ದಿನಕ್ಕೆ ವೈದ್ಯಕೀಯ ವಿಮೆ ಮಾಡಿಸಿರಿ. ದಿನಕ್ಕೊಂದೇ ಸ್ಥಳ ಸಾಕು. ನಡುವೆ ಸುಮ್ಮನೆ ಕುಳಿತುಕೊಳ್ಳುವ ದಿನಗಳಿರಲಿ. ಮಾತಾಡಲೆಂದು ಬಂದವರನ್ನು ಗೋಪುರ ತೋರಿಸಿ ಸುಮ್ಮನಿರಿಸಬೇಡಿರಿ.

ಮೂರು ಎಕರೆಯ ಖರೀದಿಪತ್ರ ಯುಗಾದಿಯ ಮುಂಚೆಯೇ ಆಯಿತು. ಮೊನ್ನೆ ಅಪ್ಪ ದೂರವಾಣಿಯಲ್ಲಿ, ಬನ್ನಿ ಮುಡಿಯುವ ದಿನ ರಜೆ ಸಿಗುತ್ತದೆಯೇ ಎಂದು ಕೇಳಿದರು. ಅರ್ಜಿ ಹಾಕಿದ್ದೇವೆ.